ಬಿಡಿಭಾಗ ತರುವ ಮೊದಲು ಮೀಟರ್ ಹಿಡಿಯಿರಿ

ಎಲ್ಲರಿಗೂ ನಮಸ್ಕಾರ. ಇಲ್ಲಿರುವ ಎಲ್ಲರೂ ಬಾನೆಟ್ ಎತ್ತಿ ಅಭ್ಯಾಸ ಇರುವವರು. ಹಾಗಾಗಿ ಇಂಜಿನ್ ಓಡಲು ಬೇಕಾದ ಪೆಟ್ರೋಲ್, ಗಾಳಿ, ಕಿಡಿಯ ಪಾಠ ಬೇಡ. ನಾನು ಹೇಳುವುದು ಒಂದೇ ಮಾತು. ಊಹೆ ಮೇಲೆ ಬಿಡಿಭಾಗ ಹಾಕಿ ಹಾಕಿಯೇ ಎಷ್ಟೋ ಒಳ್ಳೆಯ ಹಳೇ ಲಕ್ಷುರಿ ಕಾರುಗಳು ಗುಜರಿ ಸೇರುತ್ತಿವೆ. ಮೊದಲು ಮಲ್ಟಿಮೀಟರ್ ಹಿಡಿದು ಅಳೆಯಿರಿ, ಆಮೇಲೆ ಕೊಳ್ಳಿ.

ಸ್ನೇಹಿತರೊಬ್ಬರ ದೊಡ್ಡ ಸೆಡಾನ್ ಇತ್ತು. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಬಿಸಿ ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟರೆ ಮುಗೀತು, ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗಲ್ಲ. ಚೆನ್ನಾಗಿ ತಣಿದ ಮೇಲೆ ಏನೂ ಆಗದ ಹಾಗೆ ಓಡುತ್ತೆ. ಪೆಟ್ರೋಲ್ ಎತ್ತುವ ಪಂಪ್ ಬದಲಾಯ್ತು, ಸ್ಪಾರ್ಕ್ ಪ್ಲಗ್ ಬದಲಾಯ್ತು, ಇಂಜಿನ್ ನಡೆಸುವ ಕಂಪ್ಯೂಟರ್ ಬದಲಿಸೋಣ ಅನ್ನುವ ಮಾತೂ ಬಂತು. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು (ಇಂಜಿನ್ ತಿರುಗುವ ವೇಗ ತೋರಿಸುವುದು) ನೋಡಿ ಅಂದೆ. ಅಲುಗಲೇ ಇಲ್ಲ. ತುಂಬಾ ಕಾರುಗಳಲ್ಲಿ ಇದಕ್ಕೆ ಅರ್ಥ ಒಂದೇ: ಇಂಜಿನ್ ತಿರುಗುತ್ತಿರುವುದು ಕಂಪ್ಯೂಟರ್‌ಗೆ ಗೊತ್ತಾಗುತ್ತಿಲ್ಲ. ಗೊತ್ತಾಗದಿದ್ದರೆ ಕಿಡಿಯೂ ಇಲ್ಲ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರೂ ಇಲ್ಲ. ಇಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್‌ನ ವೈರ್ ಕನೆಕ್ಟರ್ ಬಿಚ್ಚಿ ಓಮ್, ಅಂದರೆ ವಿದ್ಯುತ್ ತಡೆ, ಅಳೆದೆವು. ಸರ್ಕ್ಯೂಟ್ ಓಪನ್, ಅಂದರೆ ತಂತಿ ಎಲ್ಲೋ ಕಡಿದಿದೆ. ಸೆನ್ಸರ್ ಮೇಲೆ ತಣ್ಣೀರು ಸುರಿದು ಮತ್ತೆ ಅಳೆದರೆ ರೀಡಿಂಗ್ ಬಂತು, ಗಾಡಿಯೂ ಸ್ಟಾರ್ಟ್ ಆಯ್ತು! ಒಳಗಿನ ಕೂದಲೆಳೆಯ ತಂತಿ ಬಿಸಿಗೆ ಬಿಟ್ಟುಕೊಳ್ಳುತ್ತಿತ್ತು, ತಣಿದರೆ ಕೂಡಿಕೊಳ್ಳುತ್ತಿತ್ತು. ಇಷ್ಟು ಸಣ್ಣ ಸೆನ್ಸರ್‌ಗಾಗಿ ಆ ಕಾರನ್ನೇ ಮಾರಲು ಹೊರಟಿದ್ದರು. ಅಳೆಯಿರಿ ಅಂತ ನಾನು ಗೋಗರೆಯುವುದು ಇದಕ್ಕೇ.

ಇನ್ನು ಮಿಸ್ಸಿಂಗ್, ಅಂದರೆ ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಇಂಜಿನ್ ತಡವರಿಸುವುದು. ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಪಿ0302 ತೋರಿಸಿದರೆ ಎರಡನೇ ಸಿಲಿಂಡರ್ ಮಿಸ್ ಆಗುತ್ತಿದೆ ಅಂತಷ್ಟೇ. ಯಾಕೆ ಅಂತ ಅದು ಹೇಳಲ್ಲ. ಸಿಲಿಂಡರ್‌ಗೊಂದು ಕಾಯಿಲ್ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಸುರುಳಿ) ಇದ್ದರೆ ಪಕ್ಕದ ಮೂರನೆಯದರ ಜೊತೆ ಅದಲು ಬದಲು ಮಾಡಿ. ಕೋಡ್ ಪಿ0303 ಆಯ್ತಾ, ಕಾಯಿಲ್ ಹೋಗಿದೆ. ಅಲ್ಲೇ ನಿಂತಿತಾ, ಪ್ಲಗ್, ಇಂಜೆಕ್ಟರ್, ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿ. ಖರ್ಚಿಲ್ಲದ ಪರೀಕ್ಷೆ, ಅಲ್ವಾ? ಆದರೆ ಮಿಸ್ಸಿಂಗ್ ಇಟ್ಟುಕೊಂಡು ಸುಮ್ನೆ ಓಡಿಸಬೇಡಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕುತ್ತೆ.

ಸಮಯ ಆಯ್ತು ಅಂತ ಚೀಟಿ ಬಂದಿದೆ. ಉಳಿದದ್ದು ಬೇಗ ಹೇಳಿಬಿಡುತ್ತೇನೆ. 1990ರ ದಶಕದ ಮೊದಲರ್ಧದ ಮರ್ಸಿಡಿಸ್ ಇದ್ದವರು ಇಂಜಿನ್ ವೈರಿಂಗ್ ನೋಡಿಕೊಳ್ಳಿ. ಆ ಕಾಲದ ವೈರಿನ ಹೊದಿಕೆ ಬೆರಳಲ್ಲಿ ಬಗ್ಗಿಸಿದರೆ ಪುಡಿಯಾಗುತ್ತೆ. ಒಳಗಿನ ತಂತಿಗಳು ತಾಗಿಕೊಂಡರೆ ಯಾವ ಕಾಯಿಲ್ ಹಾಕಿದರೂ ಮಿಸ್ಸಿಂಗ್ ಹೋಗಲ್ಲ. ತುಂಬಿದ ಬ್ಯಾಟರಿ 12.6 ವೋಲ್ಟ್ ಇರುತ್ತೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಇಳಿದರೆ ಬ್ಯಾಟರಿ, ಟರ್ಮಿನಲ್, ಸ್ಟಾರ್ಟರ್ ಮೊದಲು ನೋಡಿ. ಇಂಜಿನ್ ಮತ್ತು ಬಾಡಿಯನ್ನು ಬ್ಯಾಟರಿಯ ಮೈನಸ್‌ಗೆ ಜೋಡಿಸುವ ಅರ್ತ್ ಪಟ್ಟಿಯನ್ನಂತೂ ಮರೆಯಲೇಬೇಡಿ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ) ಮಾತ್ರ ಮಿಸ್ಸಿಂಗ್ ಇದ್ದರೆ ಇಂಜಿನ್ ಗಾಳಿ ಎಳೆಯುವ ಕಡೆ ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್ ಹುಡುಕಿ.

ಪ್ರಶ್ನೆ ಇದ್ದವರು ಕೇಳಿ. ಗಾಡಿ ಕೈಕೊಡುವುದು ಬಿಸಿ ಇದ್ದಾಗಲೋ ತಣ್ಣಗಿದ್ದಾಗಲೋ, ಅದನ್ನು ಮೊದಲು ಹೇಳಿ.