ಬ್ಯಾಂಕಾಕ್‌ನ ನಡುರಾತ್ರಿ, ಕಾಕಾನ ಜೇಬಿನ ಸೋಪು

ಕೇಳುಗರಿಗೆಲ್ಲ ನಮಸ್ಕಾರ. ವಿಜಯಪುರದಿಂದ ಜನರನ್ನು ಪ್ರವಾಸಕ್ಕೆ ಕರೆದೊಯ್ಯುವುದು ನನ್ನ ಕೆಲಸ. ಬ್ಯಾಂಕಾಕ್ ಅಂದ ಕೂಡಲೇ ಯಾರಾದರೂ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ, "ರಾತ್ರಿ ಏನೇನ್ ಇರ್ತದ್ರೀ ಸರ?" ನನ್ನ ಉತ್ತರ ಒಂದೇ. ಎಲ್ಲಿಗೆ ಹೋಗ್ತೀರಿ ಅನ್ನೋದು ಆಮೇಲೆ, ವಾಪಸ್ ಹೇಗೆ ಬರ್ತೀರಿ, ಅದನ್ನು ಮೊದಲು ಹೇಳಿ.

ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ತಾಸು ಮುಂದೆ. ನಮ್ಮ ಮೈಗೆ ಇನ್ನೂ ಹತ್ತೂವರೆ, ಊಟ ಮುಗಿಸಿ ಎಲೆ ಅಡಿಕೆ ಹಾಕೋ ಹೊತ್ತು. ಅಲ್ಲಿ ಆಗಲೇ 12 ಗಂಟೆ. ಮೆಟ್ರೊ ನಿಲ್ಲುವ ಹೊತ್ತು. ಊರು ಮಾತ್ರ ಎದ್ದೇ ಇರುತ್ತದೆ. ಖಾವೊ ಸಾನ್ ರಸ್ತೆಯಲ್ಲಿ ಕಿವಿ ಕಿತ್ತುಹೋಗೋ ಹಾಡು, ಯಾವರಾತ್ ರಸ್ತೆಯಲ್ಲಿ ಕೆಂಡದ ಮೇಲೆ ಮೀನು. ನನಗೆ ಇಷ್ಟ ಪಾಕ್ ಖ್ಲಾಂಗ್ ತಲಾತ್, ಹೂವಿನ ಪೇಟೆ. ನಿಜವಾದ ಗದ್ದಲ ಅಲ್ಲಿ ಶುರುವಾಗೋದೇ ರಾತ್ರಿ. ಮಲ್ಲಿಗೆ ಮೊಗ್ಗನ್ನು ಉದ್ದ ಸೂಜಿಗೆ ಒತ್ತೊತ್ತಾಗಿ ಚುಚ್ಚಿ ಬಳೆಯಂಥ ಹಾರ ಮಾಡುತ್ತಾರೆ.

ಒಮ್ಮೆ ಇಂಡಿ ಕಡೆಯ ಕಾಕಾ ಒಬ್ಬರನ್ನು ಅಲ್ಲಿಗೆ ಕರೆದೊಯ್ದೆ. ನಿಂಬೆ ತೋಟದವರು. ಹೂವು ಅವರ ಕಣ್ಣಿಗೆ ಬೀಳಲೇ ಇಲ್ಲ. ಮೂಲೆಯಲ್ಲಿ ನಿಂಬೆಹಣ್ಣಿನ ಚೀಲ ಕಂಡಿತು ನೋಡಿ, ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಉಗುರಿಂದ ಸಿಪ್ಪೆ ಕೆರೆದು ಮೂಸಿದರು. "ರಸ ಅದ, ವಾಸನಿ ನಮ್ಮದರಂಗ ಇಲ್ಲ." ಅಂಗಡಿಯಾಕೆ ದುರುಗುಟ್ಟಿ ನೋಡಿದಳು, ಆಮೇಲೆ ನಗುತ್ತಾ ಕ್ಯಾಲ್ಕುಲೇಟರ್ ಮುಂದೆ ಹಿಡಿದಳು. ಕಾಕಾ ಅದರಲ್ಲಿ ಅರ್ಧ ದರ ಒತ್ತಿದರು. ಆಕೆ ಮತ್ತೆ ಒತ್ತಿದಳು. ಕೊಳ್ಳೋದಿಲ್ಲ, ಬಿಡೋದಿಲ್ಲ! ಒಂದು ಗಂಟೆ ಹೋಯಿತು.

ಹೊರಗೆ ಬಂದರೆ ಸನಾಮ್ ಚಾಯ್ ಮೆಟ್ರೊ ನಿಲ್ದಾಣದ ಬಾಗಿಲು ಹಾಕಿತ್ತು. ಹೋಟೆಲಿನ ಕಾರ್ಡು? ರೂಮಿನಲ್ಲೇ ಬಿಟ್ಟಿದ್ದೆ. ಹೌದು, ಊರಿಗೆಲ್ಲ ಬುದ್ಧಿ ಹೇಳೋ ನಾನೇ. ಫೋನಿನ ಚಾರ್ಜೂ ಮುಗಿದಿತ್ತು. ಹೋಟೆಲಿನ ಹೆಸರನ್ನು ನಾನು ಹೇಗೆ ಹೇಳಿದರೂ ಟ್ಯಾಕ್ಸಿಯವರಿಗೆ ತಿಳಿಯಲಿಲ್ಲ. ಮೂರು ಟ್ಯಾಕ್ಸಿ ಹೋದವು. ಆಗ ಕಾಕಾ ಜೇಬಿಂದ ಬಾತ್‌ರೂಮಿನ ಸಣ್ಣ ಸೋಪು ತೆಗೆದರು. ಬೀದಿಯಲ್ಲಿ ತಿಂದರೆ ಕೈ ತೊಳೆಯೋಕೆ ಬೇಕಾಗುತ್ತೆ ಅಂತ ಇಟ್ಟುಕೊಂಡಿದ್ದರಂತೆ. ಅದರ ಡಬ್ಬಿ ಮೇಲೆ ಹೋಟೆಲಿನ ಹೆಸರು, ವಿಳಾಸ, ಥಾಯ್ ಲಿಪಿಯಲ್ಲಿ! ನಾಲ್ಕನೇ ಟ್ಯಾಕ್ಸಿಯವನು ಓದಿ, ತಲೆಯಾಡಿಸಿ, ಮೀಟರ್ ಹಾಕಿದ.

ಹಾಗಾಗಿ ಮತ್ತೆ ಅದೇ ಮಾತು. ವಾಪಸ್ ಬರೋ ದಾರಿ ಮೊದಲು. ವಿಳಾಸ ಥಾಯ್ ಲಿಪಿಯಲ್ಲೇ ಇರಲಿ, ಜೇಬಿನಲ್ಲೇ ಇರಲಿ. ಫೋನ್ ನಂಬಿ ಕೂರಬೇಡಿ.

ಅಯ್ಯೋ, ಗಾಜಿನಾಚೆಯಿಂದ ಕೈ ತೋರಿಸ್ತಾ ಇದ್ದಾರೆ. ಬೇಗ ಹೇಳ್ತೀನಿ. ಟುಕ್‌ಟುಕ್‌ಗೆ ಮೀಟರ್ ಇಲ್ಲ, ಹತ್ತೋ ಮೊದಲೇ ದರ ಮಾತಾಡಿ. ಪ್ರವಾಸಿಗರ ಪೊಲೀಸ್ ನಂಬರ್ 1155. ಬರೆದುಕೊಂಡಿರಾ? 1155. ನಮಸ್ಕಾರ.