ಮಾರ್ಸೇಯ್: ಗುರಿಯ ಲೆಕ್ಕ, ಜಿಗಿತದ ಲೆಕ್ಕ

ಕೇಳುಗರೇ, ನಮಸ್ಕಾರ. ಎರಡನೆಯ ಮಹಾಯುದ್ಧದ ಜರ್ಮನ್ ಪೈಲಟ್ ಹಾನ್ಸ್-ಯೋಆಖಿಮ್ ಮಾರ್ಸೇಯ್ ಹುಟ್ಟಿದ್ದು ಬರ್ಲಿನ್‌ನಲ್ಲಿ, 1919ರ ಡಿಸೆಂಬರ್ 13ರಂದು. 1940ರಲ್ಲಿ ಬ್ರಿಟನ್ ಮೇಲಿನ ಹೋರಾಟದಲ್ಲಿ ಏಳು ವಿಮಾನ ಉರುಳಿಸಿದ. ತನ್ನವನ್ನೂ ಹಲವು ಕಳೆದುಕೊಂಡ. ಶಿಸ್ತಿಲ್ಲದವನೆಂದು ಒಂದು ದಳದಿಂದ ಹೊರಬಿದ್ದು, 1941ರ ಏಪ್ರಿಲ್‌ನಲ್ಲಿ 27ನೆಯ ಫೈಟರ್ ದಳದೊಂದಿಗೆ ಲಿಬಿಯಕ್ಕೆ ಬಂದ. ಅವನನ್ನು ತಿದ್ದಿ ಬೆಳೆಸಿದವನು ಅಲ್ಲಿನ ಮೇಲಧಿಕಾರಿ ಎಡುವಾರ್ಡ್ ನಾಯ್‌ಮನ್.

ಅವನ ವಿದ್ಯೆಯೆಲ್ಲ ಗುರಿಯಲ್ಲಿತ್ತು. ಗಂಟೆಗೆ 400 ಕಿಲೋಮೀಟರ್ ವೇಗದಲ್ಲಿ ಅಡ್ಡ ಹಾಯುವ ವಿಮಾನಕ್ಕೆ 200 ಮೀಟರ್ ದೂರದಿಂದ ಹೊಡೆದರೆ, ಗುಂಡು ತಲುಪುವಷ್ಟರಲ್ಲಿ ಅದು ಸುಮಾರು 30 ಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ವಿಮಾನದ ಮೂರು ಉದ್ದದಷ್ಟು ಮುಂದಿನ ಖಾಲಿ ಗಾಳಿಗೆ ಗುರಿಯಿಡಬೇಕು. ಬ್ರಿಟಿಷರ ಟೊಮಾಹಾಕ್, ಕಿಟ್ಟಿಹಾಕ್ ವಿಮಾನಗಳು ಒಂದರ ಬಾಲವನ್ನು ಇನ್ನೊಂದು ಕಾಯುತ್ತ ವೃತ್ತ ಕಟ್ಟುತ್ತಿದ್ದವು. ಮಾರ್ಸೇಯ್ ಆ ವೃತ್ತದ ಒಳಗೇ ನುಗ್ಗುತ್ತಿದ್ದ: ಥ್ರಾಟಲ್ ಇಳಿಸಿ ಎಂಜಿನ್ ಶಕ್ತಿ ತಗ್ಗಿಸಿ, ರೆಕ್ಕೆಯ ಹಿಂಬದಿಯ ಮಡಿಕೆಗಳಾದ ಫ್ಲ್ಯಾಪ್ ಬಿಟ್ಟು, ಅವರಿಗಿಂತ ಬಿಗಿಯಾಗಿ ತಿರುಗಿ, ಎದುರಾಳಿ ತನ್ನ ವಿಮಾನದ ಮೂತಿಯಡಿ ಮರೆಯಾಗುತ್ತಿದ್ದಂತೆ ಗುಂಡು ಹಾರಿಸುತ್ತಿದ್ದ. ಇದರ ಅಪಾಯ ದೊಡ್ಡದು. ವೇಗ ಕಳೆದುಕೊಂಡ ವಿಮಾನಕ್ಕೆ ತಪ್ಪಿಸಿಕೊಳ್ಳುವ ಶಕ್ತಿ ಉಳಿಯುವುದಿಲ್ಲ. ಆದ್ದರಿಂದ ಬೆನ್ನು ಕಾಯಲು ಜೊತೆಗಾರ ಬೇಕೇ ಬೇಕು.

ಅವನ ಮೆಸ್ಸರ್‌ಷ್ಮಿಟ್ 109 ಎಫ್-4ರಲ್ಲಿ ಪ್ರೊಪೆಲ್ಲರ್ ನಡುವಿನಿಂದ ಹೊಡೆಯುವ ಒಂದು 20 ಮಿಲಿಮೀಟರ್ ತೋಪು, ಎಂಜಿನ್ ಮೇಲೆ ಎರಡು ಮೆಷಿನ್‌ಗನ್. ತೋಪಿಗೆ ಸುಮಾರು 200 ಗುಂಡು. ಗುರಿ ತಪ್ಪಿದವನಿಗೆ ಅದು ಬೇಗ ಬರಿದಾಗುತ್ತಿತ್ತು. 1942ರ ಸೆಪ್ಟೆಂಬರ್ 1ರಂದು ಒಂದೇ ದಿನ 17 ವಿಮಾನ ಬೀಳಿಸಿದ್ದಾಗಿ ಅವನ ಹೆಸರಿಗೆ ದಾಖಲಾಯಿತು. ಒಟ್ಟು 158, ಅದರಲ್ಲಿ 151 ಆಫ್ರಿಕದಲ್ಲಿ. ಇವು ಜರ್ಮನ್ ಲೆಕ್ಕ. ಎದುರು ಪಕ್ಷದ ನಷ್ಟದ ದಾಖಲೆಗೆ ಎಲ್ಲವೂ ತಾಳೆಯಾಗುವುದಿಲ್ಲ. ಅವನು ಹೋರಾಡಿದ್ದು ಹಿಟ್ಲರನ ಯುದ್ಧಕ್ಕಾಗಿ. ಅದನ್ನು ಬದಿಗಿಟ್ಟು ಕೌಶಲವನ್ನಷ್ಟೇ ಕೊಂಡಾಡುವುದು ಸರಿಯೆಂದು ನನಗನ್ನಿಸುವುದಿಲ್ಲ.

ಅದೇ ಸೆಪ್ಟೆಂಬರ್ 30ರಂದು ಮೆಸ್ಸರ್‌ಷ್ಮಿಟ್ 109ರ ಹೊಸ ಮಾದರಿ ಜಿ-2ರಲ್ಲಿ ಈಜಿಪ್ಟಿನ ಮೇಲೆ ಮರಳುತ್ತಿದ್ದಾಗ ಎಂಜಿನ್ ಹೊತ್ತಿ, ಕಾಕ್‌ಪಿಟ್ ತುಂಬ ಹೊಗೆ ತುಂಬಿತು. ದಾರಿ ಕಾಣದ ಅವನನ್ನು ಜೊತೆಗಾರರು ರೇಡಿಯೊದಲ್ಲಿ ಹೇಳುತ್ತಾ ಜರ್ಮನ್ ಸೇನೆಯ ಹಿಡಿತದಲ್ಲಿದ್ದ ನೆಲದ ಮೇಲಕ್ಕೆ ತಂದರು. ಜಿಗಿಯುವ ಕ್ರಮ ಅವನಿಗೆ ಗೊತ್ತಿತ್ತು: ಕಾಕ್‌ಪಿಟ್‌ನ ಗಾಜಿನ ಮುಚ್ಚಳವಾದ ಕ್ಯಾನಪಿ ಕಳಚಿ, ವಿಮಾನವನ್ನು ಮಗುಚಿ, ಕೆಳಗೆ ಜಾರುವುದು. ಆದರೆ ಹೊಗೆಯಲ್ಲಿ ದಿಗಂತ ಕಾಣಲಿಲ್ಲ. ಮಗುಚಿದ ವಿಮಾನ ಮೂತಿ ತಗ್ಗಿಸಿ ಕಡಿದಾಗಿ ಧುಮುಕುತ್ತಿತ್ತು. ಅಂಥ ವೇಗದಲ್ಲಿ ಗಾಳಿ ಪೈಲಟನನ್ನು ಹಿಂದಕ್ಕೆ, ಬಾಲದ ಕಡೆಗೆ ತಳ್ಳುತ್ತದೆ. ಎದೆ ಬಾಲದ ರೆಕ್ಕೆಗೆ ಬಡಿಯಿತು. ಪ್ಯಾರಾಚೂಟ್ ತೆರೆಯಲೇ ಇಲ್ಲ. ಆಗ ಅವನಿಗೆ 22 ವರ್ಷ.