ಯಾವ ಅಧ್ಯಾಯದಲ್ಲಿ ಕೈಬಿಟ್ಟಿರಿ?

ಎಲ್ಲರಿಗೂ ನಮಸ್ಕಾರ.

ಫ್ಯಾಂಟಸಿ ಓದುವವರು ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಬಿಸಿಯೇರಲು ಹೆಚ್ಚು ಹೊತ್ತು ಬೇಕಿಲ್ಲ. ಒಬ್ಬರಿಗೆ ಪ್ರಾಣವಾದ ಪುಸ್ತಕವನ್ನು ಇನ್ನೊಬ್ಬರು ಅರ್ಧಕ್ಕೇ ಮುಚ್ಚಿಟ್ಟಿರುತ್ತಾರೆ. ಈ ಜಗಳ ಹಳೆಯದು. ಜೆ. ಆರ್. ಆರ್. ಟೋಲ್ಕಿನ್ ಆಕ್ಸ್‌ಫರ್ಡಿನಲ್ಲಿ ‘ಇಂಕ್ಲಿಂಗ್ಸ್’ ಗೆಳೆಯರ ಮುಂದೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಅಧ್ಯಾಯಗಳನ್ನು ಓದುತ್ತಿದ್ದಾಗ ಸಿ. ಎಸ್. ಲೂಯಿಸ್ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದರು. ಅದೇ ಬಳಗದ ಹ್ಯೂಗೋ ಡೈಸನ್‌ಗೆ ಅದು ಹಿಡಿಸುತ್ತಲೇ ಇರಲಿಲ್ಲ. ಕೊನೆಕೊನೆಗೆ ಅವರಿದ್ದರೆ ಆ ಓದೇ ನಡೆಯುತ್ತಿರಲಿಲ್ಲ. ಪುಸ್ತಕ 1954–55ರಲ್ಲಿ ಮೂರು ಸಂಪುಟಗಳಾಗಿ ಬಂತು. 1956ರಲ್ಲಿ ವಿಮರ್ಶಕ ಎಡ್ಮಂಡ್ ವಿಲ್ಸನ್ ಅದನ್ನು ಕೈಮೀರಿ ಬೆಳೆದ ಮಕ್ಕಳ ಪುಸ್ತಕ ಎಂದು ಝಾಡಿಸಿದರು. ಅದೇ ವರ್ಷ ಕವಿ ಡಬ್ಲ್ಯು. ಎಚ್. ಆಡೆನ್ ಅದನ್ನು ಬಾಯ್ತುಂಬ ಹೊಗಳುತ್ತ, ಈ ಪುಸ್ತಕದ ವಿಷಯದಲ್ಲಿ ನಡುವಿನ ಅಭಿಪ್ರಾಯದವರೇ ಸಿಗುವುದಿಲ್ಲ ಎಂದು ಬರೆದರು. 1997ರಲ್ಲಿ ಬ್ರಿಟನ್ನಿನ ಓದುಗರು ಮತ ಹಾಕಿ ಅದನ್ನು ಶತಮಾನದ ಪುಸ್ತಕವೆಂದು ಆರಿಸಿದಾಗಲೂ ವಾದ ನಿಲ್ಲಲಿಲ್ಲ.

ಇಂಥ ವಾದದಲ್ಲಿ ಪುಸ್ತಕ ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವುದರಿಂದ ನಮಗೆ ಸಿಗುವುದು ಕಡಿಮೆ. ಎಲ್ಲಿ ಕೈಬಿಟ್ಟಿರಿ, ಯಾಕೆ ಬಿಟ್ಟಿರಿ ಎಂದು ಕೇಳಿದರೆ ಸಿಗುವುದು ಬಹಳ. ಒಬ್ಬರು ಸುಸ್ತಾಗಿ ನಿಂತ ಜಾಗವೇ ಎಷ್ಟೋ ಸಲ ಇನ್ನೊಬ್ಬರು ಪುಸ್ತಕಕ್ಕೆ ಮನಸೋತ ಜಾಗವಾಗಿರುತ್ತದೆ.

ಟೋಲ್ಕಿನ್ನರನ್ನು ಬಿಟ್ಟವರಲ್ಲಿ ಬಹಳ ಮಂದಿ ‘ಎಲ್ರಾಂಡ್‌ನ ಸಭೆ’ ಎಂಬ ಅಧ್ಯಾಯದ ಹೆಸರು ಹೇಳುತ್ತಾರೆ. ಒಟ್ಟು 62 ಅಧ್ಯಾಯಗಳ ಕಾದಂಬರಿಯಲ್ಲಿ ಅದು ಅತಿ ಉದ್ದದವುಗಳಲ್ಲಿ ಒಂದು. ಕುದುರೆಯೇರಿ ಬೆನ್ನಟ್ಟಿದ ಕಪ್ಪು ಸವಾರರಿಂದ ಕಥಾನಾಯಕ ಫ್ರೋಡೋ ಈಗಷ್ಟೇ ಪಾರಾಗಿ ಬಂದಿದ್ದಾನೆ. ಓದುಗನ ಎದೆಬಡಿತ ಇನ್ನೂ ಇಳಿದಿಲ್ಲ. ಅಷ್ಟರಲ್ಲಿ ಎಲ್ಲರೂ ಕೂತು, ಅವನ ಬಳಿಯಿರುವ ಕೇಡಿನ ಉಂಗುರವನ್ನು ಏನು ಮಾಡುವುದೆಂದು ಮಾತಿಗೆ ತೊಡಗುತ್ತಾರೆ. ಕೇಳಿರದ ಊರುಗಳು, ಸತ್ತುಹೋದ ರಾಜರು, ಕಥೆಯೊಳಗೆ ಇನ್ನೊಂದು ಕಥೆ. ದೂರು ನ್ಯಾಯವಾದದ್ದೇ. ಆದರೆ ಅಲ್ಲಿ ಮಾಂತ್ರಿಕ ಗ್ಯಾಂಡಾಲ್ಫ್ ಹೇಳುವ, ಇನ್ನೊಬ್ಬ ಮಾಂತ್ರಿಕ ಸಾರುಮಾನ್‌ನ ಮಾತನ್ನು ನಿಧಾನವಾಗಿ ಓದಿ ನೋಡಿ. ಹೊಸ ಶಕ್ತಿ ತಲೆಯೆತ್ತುತ್ತಿದೆ, ಅದರ ಜೊತೆ ಸೇರೋಣ, ದಾರಿಯಲ್ಲಿ ನಡೆಯುವ ಕೆಟ್ಟದ್ದಕ್ಕೆ ಬೇಕಾದರೆ ಮರುಗೋಣ, ಕೊನೆಯ ಗುರಿ ದೊಡ್ಡದಲ್ಲವೇ ಎನ್ನುತ್ತಾನೆ. ಕತ್ತಿಯಿಲ್ಲ, ಬೆಂಕಿಯಿಲ್ಲ. ಒಬ್ಬ ವಿವೇಕಿ ತನ್ನನ್ನು ತಾನು ಮಾರಿಕೊಳ್ಳುವ ಬಗೆ ಪೂರ್ತಿ ಅವನ ಮಾತಿನ ಧಾಟಿಯಲ್ಲೇ ಕಾಣುತ್ತದೆ. ತಾಳಮದ್ದಳೆ ಕೇಳಿ ಬೆಳೆದವರಿಗೆ ಈ ಅಧ್ಯಾಯ ಅಷ್ಟು ಭಾರವೆನಿಸಲಾರದು. ಕುಣಿತ, ವೇಷ ಏನೂ ಇಲ್ಲದೆ ಕೂತಲ್ಲೇ, ಅರ್ಥಧಾರಿಗಳ ಮಾತಿನಲ್ಲೇ ಕೃಷ್ಣಸಂಧಾನ ನಡೆದುಹೋಗುವುದನ್ನು ಅವರು ಕೇಳಿದ್ದಾರೆ. ಸಭೆಯ ಕೊನೆಗೆ ಮಧ್ಯಾಹ್ನದ ಗಂಟೆ ಹೊಡೆಯುತ್ತದೆ. ಯಾರೂ ಬಾಯಿ ಬಿಡುವುದಿಲ್ಲ. ಆಗ ಫ್ರೋಡೋ, ಉಂಗುರವನ್ನು ನಾನು ಒಯ್ಯುತ್ತೇನೆ, ದಾರಿ ಮಾತ್ರ ಗೊತ್ತಿಲ್ಲ ಎನ್ನುತ್ತಾನೆ. ಅಷ್ಟು ದೊಡ್ಡವರು ಅಷ್ಟು ಹೊತ್ತು ಮಾತಾಡಿದ್ದಕ್ಕೇ ಆ ಒಂದು ಸಾಲಿಗೆ ತೂಕ ಬಂದಿದೆ. ಪುಟ ಹಾರಿಸಿದವರಿಗೆ ಅದು ಬರೀ ಒಂದು ಸಾಲು.

ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಟೋಲ್ಕಿನ್ನರೇ ಈ ಮಾತು ಎತ್ತುತ್ತಾರೆ. ಕೆಲವರಿಗೆ ಕಳಂಕವೆನಿಸಿದ ಭಾಗಗಳನ್ನೇ ಉಳಿದವರು ಮೆಚ್ಚಿದ್ದಾರೆ ಎನ್ನುತ್ತಾರೆ. ಓದುಗರು ತೋರಿಸಿದ ಒಂದು ದೋಷವನ್ನು ಒಪ್ಪಿಕೊಳ್ಳುತ್ತಾರೆ: ಪುಸ್ತಕ ತೀರಾ ಚಿಕ್ಕದಾಯಿತು ಎಂಬುದು.

ಎಲ್ಲ ಪುಸ್ತಕಗಳ ಕಷ್ಟವೂ ಒಂದೇ ಬಗೆಯದಲ್ಲ. ಸ್ಟೀವನ್ ಎರಿಕ್ಸನ್‌ರ ‘ಗಾರ್ಡನ್ಸ್ ಆಫ್ ದಿ ಮೂನ್’ (1999) ಯಾವುದನ್ನೂ ಬಿಡಿಸಿ ಹೇಳದೆ ನಮ್ಮನ್ನು ಯುದ್ಧದ ನಡುವೆ ತಳ್ಳಿಬಿಡುತ್ತದೆ. ಮುಂದೆ ಇನ್ನೂ ಒಂಬತ್ತು ಸಂಪುಟ. ಅಂಥ ಓದಿಗೆ ಬಿಡುವು ಬೇಕು, ಎಲ್ಲರಿಗೂ ಅದು ಇರುವುದಿಲ್ಲ. ಜೀನ್ ವುಲ್ಫ್‌ರ ‘ದಿ ಬುಕ್ ಆಫ್ ದಿ ನ್ಯೂ ಸನ್’ (1980–83) ಇನ್ನೂ ಸೂಕ್ಷ್ಮ. ತಾನು ಏನನ್ನೂ ಮರೆಯುವುದಿಲ್ಲ ಎನ್ನುವ ಸೆವೇರಿಯನ್ ಕಥೆ ಹೇಳುತ್ತಾನೆ, ಆದರೆ ಅವನು ಹೇಳದೆ ಬಿಟ್ಟದ್ದನ್ನು ನಾವೇ ಹುಡುಕಿಕೊಳ್ಳಬೇಕು. ಮೊದಲ ಓದಿನಲ್ಲಿ ಏನೋ ತಪ್ಪಿಹೋಯಿತು ಎನಿಸಿದರೆ ಅದು ಓದುಗರ ದಡ್ಡತನವಲ್ಲ, ಪುಸ್ತಕ ಇರುವುದೇ ಹಾಗೆ. “ಮೂರನೇ ಸಂಪುಟದವರೆಗೆ ತಡ್ಕೊಳ್ಳಿ, ಆಮೇಲೆ ಚೆನ್ನಾಗಿದೆ” ಎಂದು ಹೊಸಬರಿಗೆ ಹೇಳುವುದು ನನಗೆ ಸರಿಯೆನಿಸುವುದಿಲ್ಲ. ಮೊದಲ ಸಂಪುಟದಲ್ಲೇ ನಿಮ್ಮನ್ನು ಹಿಡಿದು ನಿಲ್ಲಿಸಿದ ಒಂದು ಪುಟ ಇದ್ದೇ ಇರುತ್ತದೆ. ಅದನ್ನು ತೋರಿಸಿ.

ನನ್ನನ್ನು ಹೆಚ್ಚು ಕಾಡಿದ ಭಿನ್ನಾಭಿಪ್ರಾಯ ಅರ್ಸುಲಾ ಲೆ ಗ್ವಿನ್‌ರ ‘ಅರ್ತ್‌ಸೀ’ ಸರಣಿಯ ನಾಲ್ಕನೆಯ ಪುಸ್ತಕ ‘ಟೆಹಾನು’ ಕುರಿತದ್ದು. ಭಾಷೆ ತಿಳಿ, ಪುಟ ಕಡಿಮೆ, ಆದರೂ ಪ್ರೀತಿಯ ಓದುಗರೇ ಅದರ ಮೇಲೆ ಮುನಿಸಿಕೊಂಡರು. ಮೊದಲ ಪುಸ್ತಕ ‘ಎ ವಿಝರ್ಡ್ ಆಫ್ ಅರ್ತ್‌ಸೀ’ 1968ರಲ್ಲಿ ಬಂತು, ಮೂರನೆಯ ಪುಸ್ತಕ 1972ರಲ್ಲಿ. ಮಹಾಮಾಂತ್ರಿಕ ಗೆಡ್‌ನನ್ನು ಓದುಗರು 18 ವರ್ಷ ಎದೆಯಲ್ಲಿಟ್ಟುಕೊಂಡಿದ್ದರು. 1990ರಲ್ಲಿ ‘ಟೆಹಾನು’ ಬಂತು. ಅದರಲ್ಲಿ ಡ್ರ್ಯಾಗನ್‌ನ ಬೆನ್ನೇರಿ ಮರಳಿದ ಗೆಡ್‌ನ ಶಕ್ತಿಯೆಲ್ಲ ಬರಿದಾಗಿತ್ತು. ಅವನು ಮೇಕೆ ಕಾಯುತ್ತಾನೆ. ಕಥೆಯ ನಡುವೆ ನಿಂತವಳು ರೈತನ ವಿಧವೆ ಟೆನಾರ್ ಮತ್ತು ಅವಳು ಸಾಕುತ್ತಿರುವ, ಬೆಂಕಿಯಲ್ಲಿ ಬೆಂದ ಒಂದು ಹುಡುಗಿ. ಸಮುದ್ರದಿಂದ ಮನೆಗೆ ಬಂದ ಟೆನಾರ್‌ಳ ಮಗ ತಟ್ಟೆ ತೊಳೆಯುವುದು ಹೆಂಗಸರ ಕೆಲಸ ಎನ್ನುತ್ತಾನೆ. ಈ ಅಡುಗೆಮನೆಯಲ್ಲಿ ಉಣ್ಣುವ ಯಾರದ್ದಾದರೂ ಕೆಲಸ ಎನ್ನುತ್ತಾಳೆ ತಾಯಿ.

ನಮ್ಮ ವೀರನನ್ನು ಕಿತ್ತುಕೊಂಡರು, ಕಥೆಗಿಂತ ವಾದ ಹೆಚ್ಚಾಯಿತು ಎನ್ನುವವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಈ ಸರಣಿಯ ಮೊದಲ ನಾಲ್ಕು ಪುಸ್ತಕಗಳಲ್ಲಿ ನನಗೆ ಹೆಚ್ಚು ಹತ್ತಿರವಾದದ್ದು ಇದೇ. ಮೊದಲ ಪುಸ್ತಕದಲ್ಲಿ ಗಾಂಟ್ ದ್ವೀಪದ ಗಾದೆಯೊಂದು ಬರುತ್ತದೆ: ಹೆಂಗಸರ ಮಾಟದಷ್ಟು ದುರ್ಬಲ, ಹೆಂಗಸರ ಮಾಟದಷ್ಟು ಕೆಟ್ಟದ್ದು. 1968ರಲ್ಲಿ ಓದುಗರು ಅದನ್ನು ದಾಟಿ ಮುಂದೆ ಹೋಗಬಹುದಿತ್ತು. ಲೇಖಕಿಗೆ ದಾಟಲಾಗಲಿಲ್ಲ. ತಾನೇ ಕಟ್ಟಿದ ಲೋಕದಲ್ಲಿ ಹೆಂಗಸರನ್ನು ಎಲ್ಲಿಟ್ಟೆ ಎಂದು ಕೇಳಿಕೊಂಡು, ಅದೇ ದ್ವೀಪಕ್ಕೆ ವಾಪಸು ಬಂದು ಬರೆದರು. ಬಹಳ ಜನ ಪ್ರೀತಿಸುವ ಪುಸ್ತಕದೊಳಗೆ ಹೀಗೆ ಕೈಯಿಡಲು ದೊಡ್ಡ ಧೈರ್ಯ ಬೇಕು.

ಇದನ್ನು ಓದದವರಿಗೆ ಒಂದು ಮಾತು. ಮೂರನೆಯದು ಮುಗಿದ ಮರುದಿನವೇ ‘ಟೆಹಾನು’ ತೆಗೆಯಬೇಡಿ. ಒಂದೆರಡು ವರ್ಷ ಹೋಗಲಿ. ಹಿಂದೆ ಓದಿ ಬೇಸತ್ತು ಬಿಟ್ಟವರು ಟೆನಾರ್‌ಳ ವಯಸ್ಸಿಗೆ ಬಂದ ಮೇಲೆ ಇನ್ನೊಮ್ಮೆ ಓದಿ. ಆಗಲೂ ಹಿಡಿಸದಿದ್ದರೆ ಯಾವ ಪುಟದಲ್ಲಿ ಎಂದು ನನಗೆ ಹೇಳಿ, ಕೂತು ಮಾತಾಡೋಣ.